ಅಂಕಲಗಿ ಸರ್ ಮತ್ತು ಭರಮಣ್ಣ ಎಂಬ ಫಂಕ್ಷನ್

ಬೆಳಗಾವಿಯ ತಾಂತ್ರಿಕ ಶಿಕ್ಷಣದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ, ಕಂಪ್ಯೂಟರ್ ಎಂಬುದು ಚಪ್ಪಲಿ ಹೊರಗೆ ಬಿಟ್ಟು, ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಬೇಕಾದ ವಸ್ತುವಾಗಿದ್ದ ಕಾಲದಲ್ಲಿ ಅದನ್ನು ಹಳ್ಳಿಯ ಮಕ್ಕಳ ಕೈಗೆ ಧೈರ್ಯದಿಂದ ಕೊಟ್ಟ ಅಧ್ಯಾಪಕರ ಸಾಲಿನಲ್ಲಿ ಶ್ರೀ ಗುರುಪಾದಪ್ಪ ಅಂಕಲಗಿಯವರ ಹೆಸರನ್ನು ಮೊದಲಿಗೇ ಬರೆಯಬೇಕಾಗುತ್ತದೆ. ವಿದ್ಯುತ್ ವಿಭಾಗದಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರುಗಳ ಪಾಠ ಹೇಳುತ್ತ ಹದಿನೈದು ವರ್ಷ ಸೇವೆ ಸಲ್ಲಿಸಿದ್ದ ಅವರು, ನಲವತ್ನಾಲ್ಕನೆಯ ವಯಸ್ಸಿನಲ್ಲಿ, ತಮಗಿಂತ ಇಪ್ಪತ್ತು ವರ್ಷ ಚಿಕ್ಕವರ ಪಕ್ಕದಲ್ಲಿ ಕುಳಿತು ಆರು ವಾರಗಳ ತರಬೇತಿಯಲ್ಲಿ ಸಿ ಭಾಷೆಯನ್ನು ಕಲಿತು ಬಂದರು. ಬಂದ ಮರುವಾರವೇ ಅದನ್ನು ಕಲಿಸಲು ನಿಂತರು. ಇದೇ ಮೇ ತಿಂಗಳ ಕೊನೆಗೆ, ಅಂದರೆ ೨೦೦೧ರ ಬೇಸಿಗೆ ಮುಗಿಯುವ ಹೊತ್ತಿಗೆ, ಅವರು ನಮ್ಮ ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾಗುತ್ತಿದ್ದಾರೆ.

ಅಭಿನಂದನ ಸಮಿತಿಯವರು ನನಗೆ ಪತ್ರ ಬರೆದು, ಅವರ ಶಿಷ್ಯೆಯಾಗಿಯೂ ಈಗ ಅವರದೇ ಕಂಪ್ಯೂಟರ್ ವಿಭಾಗದ ಉಪನ್ಯಾಸಕಿಯಾಗಿಯೂ ಎರಡು ಪುಟದ ಲೇಖನ ಕೊಡಬೇಕೆಂದು ಕೇಳಿದ್ದಾರೆ. ಎರಡು ಪುಟದಲ್ಲಿ ಮುಗಿಸುವ ಜಾತಿಯವಳು ನಾನಲ್ಲ ಎಂಬುದು ಅವರಿಗೂ ಗೊತ್ತು. ಅಲ್ಲದೆ, ಸರ್ ಬಗ್ಗೆ ಬರೀ ಹೊಗಳಿಕೆಯನ್ನೇ ಬರೆಯಲು ನನ್ನಿಂದಾಗದು. ಅವರ ಮೇಲೆ ನನಗೆ ಒಂದು ಹಳೆಯ ಸಿಟ್ಟಿತ್ತು, ಈಚೆಗೆ ಹೊಸದೊಂದು ಸೇರಿಕೊಂಡಿದೆ. ಅವೆರಡನ್ನೂ ಹೇಳಿಯೇ ಮುಂದುವರಿಯುತ್ತೇನೆ.

ನಾನು ಹಲಸಿಯ ಕಡೆಯವಳು. ನಮ್ಮಪ್ಪ ಬೀರಣ್ಣ ಕುರಿ ಕಾಯ್ದವನು. ಮನೆಯಲ್ಲಿ ಡಿಪ್ಲೊಮಾ ಎಂಬ ಪದವನ್ನು ಮೊದಲು ಉಚ್ಚರಿಸಿದವಳೇ ನಾನು. ೧೯೯೨ರಲ್ಲಿ ಸೇರಿದಾಗ ಮೊದಲ ವರ್ಷ ದಿನಾಲೂ ಊರಿಂದಲೇ ಖಾನಾಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಬೆಳಗಾವಿಗೆ ಬರುತ್ತಿದ್ದೆ. ಇಡೀ ತರಗತಿಗೆ ನಾಲ್ಕೇ ಕಂಪ್ಯೂಟರುಗಳು. ಹಾಜರಿಯ ಕ್ರಮದಲ್ಲಿ ನನ್ನ ಪಾಳಿ ಬರುವುದು ಸಂಜೆ ಐದಕ್ಕೆ, ಊರಿನ ಕಡೆಯ ಬಸ್ಸು ಸಿಗಬೇಕೆಂದರೆ ನಾನು ಹೊರಡಬೇಕಾದದ್ದು ನಾಲ್ಕೂವರೆಗೆ. ಮೂರು ವಾರ ಒಂದು ಕೀಲಿಯನ್ನೂ ಒತ್ತದೆ ಮನೆಗೆ ಹೋದೆ, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ವಾರ ಫಲಕದ ಮೇಲೆ ಹೊಸ ವೇಳಾಪಟ್ಟಿ ಬಂತು. ಖಾನಾಪುರ ತಾಲೂಕಿನ ಆರೂ ಜನರ ಪಾಳಿ ಬೆಳಗಿನ ಹತ್ತಕ್ಕೆ. ಸರ್ ಆ ಬಗ್ಗೆ ಏನೂ ಹೇಳಲಿಲ್ಲ, ನಾವೂ ಏನೂ ಕೇಳಲಿಲ್ಲ. ಎರಡನೆಯ ವರ್ಷ ನಾನು ಹಿಂದವಾಡಿಯ ಸೋದರತ್ತೆಯ ಮನೆಗೆ ಬಂದು ಇದ್ದ ಮೇಲೆಯೂ ಆ ಬೆಳಗಿನ ಪಾಳಿಯನ್ನು ಬಿಟ್ಟುಕೊಡಲಿಲ್ಲ, ಅದು ಬೇರೆ ಮಾತು.

ಶಿವಬಸವ ನಗರದ ಅವರ ಮನೆಯ ಬಾಗಿಲು ವಿದ್ಯಾರ್ಥಿಗಳಿಗೆ ಸದಾ ತೆರೆದೇ ಇರುತ್ತಿತ್ತು. ಅವರ ಪತ್ನಿ ಕಾಶವ್ವನವರು, ಪರೀಕ್ಷೆಯ ದಿನಗಳಲ್ಲಿ ಪಡಸಾಲೆಯ ತುಂಬ ಹರಡಿ ಕುಳಿತ ನಮಗೆ ರೊಟ್ಟಿ ಬಡಿದು ಹಾಕುತ್ತ, "ನಿಮ್ಮ ಸರಗ ನಾಲಿಗಿ ಕಡಿಮಿ, ಅದಕ್ಕ ನಾ ಜಾಸ್ತಿ ಮಾತಾಡ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ" ಎನ್ನುತ್ತಿದ್ದರು. ಕಾಶವ್ವನವರ ಮಾತಿನಲ್ಲಿ ಸುಳ್ಳಿಲ್ಲ. ಸರ್ ಹೊಗಳಿದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಎರಡು ಸಲ ಕೇಳಿದ್ದೇನೆ, ಅದರಲ್ಲಿ ಒಂದು ಸಲ ಹೊಗಳಿದ್ದು ಕ್ಯಾಂಟೀನಿನ ಉಪ್ಪಿಟ್ಟನ್ನು.

ಅವರ ಪಾಠದ ಪದ್ಧತಿಯೂ ಬೇರೆಯೇ ಆಗಿತ್ತು. ಯಾವ ಪ್ರೋಗ್ರಾಮನ್ನೂ ಮೊದಲು ಕಾಗದದ ಮೇಲೆ ಬರೆದು, ಒಂದೊಂದು ಸಾಲು ನಡೆದಾಗ ಏನೇನಾಗುತ್ತದೆ ಎಂಬುದನ್ನು ಪಕ್ಕದಲ್ಲಿ ಪೆನ್ಸಿಲಿನಿಂದ ತೋರಿಸಬೇಕು. ಅದನ್ನವರು ಓದಿ ಹಸಿರು ಶಾಯಿಯಲ್ಲಿ ಸಹಿ ಮಾಡಿದ ಮೇಲೆಯೇ ಕಂಪ್ಯೂಟರ್ ಮುಟ್ಟಬೇಕು. ಫಂಕ್ಷನ್ನುಗಳಿಗೆ ನಮ್ಮ ಭಾಷೆಯ ಹೆಸರನ್ನೇ ಇಡಬೇಕೆಂಬುದು ಅವರ ಇನ್ನೊಂದು ಹಟ. ಹೀಗಾಗಿ ನಮ್ಮ ಪ್ರೋಗ್ರಾಮುಗಳ ತುಂಬ ಕೂಡಿಸು, ಗುಣಿಸು, ಹುಡುಕು ಎಂಬ ಹೆಸರುಗಳು ಇಂಗ್ಲಿಷ್ ಅಕ್ಷರಗಳ ವೇಷ ಹಾಕಿಕೊಂಡು ಓಡಾಡುತ್ತಿದ್ದವು.

ಎಲ್ಲ ವಿದ್ಯಾರ್ಥಿಗಳೂ ಹೆದರುವ ಅಧ್ಯಾಯವೆಂದರೆ ಫಂಕ್ಷನ್ ಪಾಯಿಂಟರುಗಳದು. ಅದನ್ನವರು ಕಲಿಸಿದ ರೀತಿಯನ್ನು ನಾನಿಂದಿಗೂ ನನ್ನ ತರಗತಿಯಲ್ಲಿ ಕದ್ದು ಬಳಸುತ್ತೇನೆ. ಆ ದಿನ ಅವರು ನಮ್ಮಲ್ಲಿ ಇಬ್ಬರನ್ನು ಎದುರಿನ ಎರಡು ಖೋಲಿಗಳಲ್ಲಿ ಕುಳ್ಳಿರಿಸಿದರು. ಹನ್ನೊಂದನೆಯ ಖೋಲಿಯವನು ಕೊಟ್ಟ ಎರಡು ಅಂಕಿಗಳನ್ನು ಕೂಡಿಸಬೇಕು, ಹನ್ನೆರಡನೆಯ ಖೋಲಿಯವಳು ಗುಣಿಸಬೇಕು. ಆಮೇಲೆ ನಮ್ಮ ಜವಾನ ಸಿದರಾಯನನ್ನು ಕರೆದು, ಒಂದು ಚೀಟಿಯಲ್ಲಿ ಬರೀ ಖೋಲಿಯ ನಂಬರು ಬರೆದು ಅವನ ಕೈಗಿಟ್ಟರು.

"ಸಿದರಾಯ, ಚೀಟಿಯೊಳಗ ಯಾವ ಖೋಲಿ ಐತಿ, ಅಲ್ಲಿಗೆ ಹೋಗು. ನಾಕು, ಐದು ಅಂತ ಹೇಳು. ಅವರು ಕೊಟ್ಟ ಉತ್ತರ ತಗೊಂಡ ಬಾ."

ಸಿದರಾಯ ಹೋಗಿ ಬಂದು ಒಂಬತ್ತು ಎಂದ. ಸರ್ ಚೀಟಿಯ ನಂಬರನ್ನು ಹೊಡೆದುಹಾಕಿ ಇನ್ನೊಂದನ್ನು ಬರೆದು ಮತ್ತೆ ಕಳಿಸಿದರು. ಈಗ ಇಪ್ಪತ್ತು ಎಂದ. "ಸಿದರಾಯಗ ಕೂಡಸೂದು ಗೊತ್ತಿಲ್ಲ, ಗುಣಸೂದೂ ಗೊತ್ತಿಲ್ಲ. ಅಂವ ಎರಡೂ ಸಲ ಒಂದ ನಮೂನಿ ಹೋಗಿ ಬಂದಾನ. ಬದಲಾದದ್ದು ಚೀಟಿ ಅಷ್ಟ. ಚೀಟಿ ಅಂದ್ರ ಕೆಲಸ ಅಲ್ರಿ, ಕೆಲಸ ಇರೂ ಠಿಕಾಣಿ" ಎಂದು ಹೇಳಿ, ಹಲಗೆಯ ಮೇಲೆ ಆ ಚೀಟಿಯನ್ನು ಸಿ ಭಾಷೆಯಲ್ಲಿ ಘೋಷಿಸುವ ಸಾಲನ್ನು ಬರೆದರು:

int (*chiti)(int, int);

ಎರಡು ಪೂರ್ಣಾಂಕಗಳನ್ನು ಒಳಗೆ ತೆಗೆದುಕೊಂಡು ಒಂದು ಪೂರ್ಣಾಂಕವನ್ನು ಮರಳಿ ಕೊಡುವ ಯಾವುದೇ ಫಂಕ್ಷನ್ನಿನ ಠಿಕಾಣಿಯನ್ನು ಈ ಚೀಟಿಯಲ್ಲಿ ಇಡಬಹುದು ಎಂಬುದು ಅದರ ಅರ್ಥ. ನಕ್ಷತ್ರವನ್ನೂ ಹೆಸರನ್ನೂ ಸುತ್ತಿರುವ ಕಂಸವನ್ನು ತೆಗೆದರೆ ಅದು ಚೀಟಿಯಾಗಿ ಉಳಿಯುವುದಿಲ್ಲ, ಪಾಯಿಂಟರೊಂದನ್ನು ಮರಳಿ ಕೊಡುವ ಸಾದಾ ಫಂಕ್ಷನ್ನಿನ ಘೋಷಣೆಯಾಗುತ್ತದೆ ಎಂದು ಎರಡೆರಡು ಸಲ ಬರೆದು ತೋರಿಸಿದರು. ಮುಂದೆ, ಇಂಥ ಚೀಟಿಗಳನ್ನು ಸಾಲಾಗಿ ಮನೆಗಳಲ್ಲಿ ಇಟ್ಟು ಕೋಷ್ಟಕ ಮಾಡಿಕೊಂಡರೆ, ಹತ್ತಾರು 'ಇದಾದರೆ ಇದು, ಅದಾದರೆ ಅದು' ಎಂಬ ಸಾಲುಗಳನ್ನು ಬರೆಯದೆ, ಮನೆಯ ಸಂಖ್ಯೆ ಹೇಳಿ ನೇರವಾಗಿ ಕೆಲಸ ಮಾಡಿಸಬಹುದೆಂಬುದನ್ನೂ ಕಲಿಸಿದರು. ಹಿಂದಿನ ಬೆಂಚಿನಿಂದ ಯಾರೋ, ಒಂದು ಮನೆಗೆ ಇಡಲು ಚೀಟಿಯೇ ಇಲ್ಲದಿದ್ದರೆ ಹೇಗೆ ಎಂದು ಕೇಳಿದರು. "ಆ ಮನಿಗೆ ಹೋಗೂ ಪ್ರಸಂಗನ ಬರೂದಿಲ್ಲ ಅಂದ್ರ ಖಾಲಿ ಬಿಡ್ರಿ" ಎಂದರು ಸರ್. ನಾನದನ್ನು ಅಚ್ಚುಕಟ್ಟಾಗಿ ಬರೆದುಕೊಂಡೆ.

ಇನ್ನು ಖಾನಾಪುರದ ಪ್ರಕರಣ. ೧೯೯೫ರ ಏಪ್ರಿಲ್, ನನ್ನ ಕೊನೆಯ ಸೆಮಿಸ್ಟರು. ಖಾನಾಪುರದ ಹೊರಗಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಸರ್ ನನಗೆ ಪ್ರಾಜೆಕ್ಟ್ ಕೊಡಿಸಿದ್ದರು. ಮಾಲೀಕರಾದ ನಾಗಲಿಂಗಪ್ಪನವರಿಗೆ ಹೊಸದರ ಮೇಲೆ ಒಲವು. ಹಂಚು ಸುಡುವ ಭಟ್ಟಿಯ ಕಾವನ್ನು ಕಂಪ್ಯೂಟರ್ ನೋಡಿಕೊಳ್ಳುವಂತಾದರೆ ತಾಲೂಕಿನಲ್ಲಿ ಮೊದಲಿಗರು ತಾವೇ ಎಂದು ಖುಷಿಯಿಂದ ಒಪ್ಪಿದ್ದರು. ಭಟ್ಟಿಯನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದವರು ಭರಮಣ್ಣ ಎಂಬ ಹಿರಿಯರು. ಗೋಡೆಯ ಸಣ್ಣ ಕಿಂಡಿಯಿಂದ ಇಣುಕಿ, ಒಳಗಿನ ಬಣ್ಣ ನೋಡಿಯೇ ಕಟ್ಟಿಗೆ ಹಾಕಬೇಕೋ ಬೇಡವೋ ಎಂಬುದನ್ನು ಹೇಳಬಲ್ಲವರು. ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು, ನಾನವರನ್ನು ಕಾಕಾ ಎನ್ನುತ್ತಿದ್ದೆ.

ನನ್ನ ಪ್ರೋಗ್ರಾಮ್ ಸರ್ ಕಲಿಸಿದ ಕೋಷ್ಟಕದ ಮೇಲೆಯೇ ನಿಂತಿತ್ತು. ಭಟ್ಟಿಯ ಕಾವನ್ನು ಹತ್ತು ಹಂತಗಳಾಗಿ ಒಡೆದು, ಹಂತಕ್ಕೊಂದು ಮನೆ ಮಾಡಿ, ಮನೆಗೊಂದು ಫಂಕ್ಷನ್ನಿನ ಠಿಕಾಣಿ ಇಟ್ಟಿದ್ದೆ: ಕಡಿಮೆ ಕಾವಿಗೆ ಕಟ್ಟಿಗೆ ಕೇಳುವುದು, ಹದವಾದ ಕಾವಿಗೆ ಸುಮ್ಮನೆ ಅಂಕಿ ತೋರಿಸುವುದು, ಹೆಚ್ಚಾದರೆ ಗಂಟೆ ಬಾರಿಸುವುದು. ಹತ್ತನೆಯ ಹಂತದಷ್ಟು ಕಾವು ಆ ಭಟ್ಟಿಗೆ ಬರುವುದೇ ಇಲ್ಲವೆಂದು ನಾನೇ ತೀರ್ಮಾನಿಸಿ ಕೊನೆಯ ಮನೆಯನ್ನು ಖಾಲಿ ಬಿಟ್ಟೆ. ಸರ್ ನನ್ನ ಕಾಗದವನ್ನು ಓದಿ, ಹಸಿರು ಶಾಯಿಯಲ್ಲಿ ಸಹಿ ಮಾಡಿದರು. ಎರಡು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ, ಬುತ್ತಿ ಬಿಚ್ಚಲು ಭಟ್ಟಿಯ ಬಾಜೂಕ್ಕೇ ಕುಳಿತಿದ್ದ ಭರಮಣ್ಣನವರಿಗೆ ನಾನೇ ಹೇಳಿದೆ: "ಕಾಕಾ, ಇಲ್ಲಿ ಯಾಕ ಬೇಯ್ತೀರಿ? ಗಂಟಿ ಬಾರಸ್ತೈತಿ. ಮರದ ನೆರಳಿಗೆ ಹೋಗಿ ಆರಾಮ ಉಣ್ರಿ." ಅವರು ಅರೆಮನಸ್ಸಿನಿಂದ ಎದ್ದು ಹೋದರು. ನಾನು ಕಚೇರಿಗೆ ಹೋಗಿ ವರದಿ ಬರೆಯುತ್ತ ಕುಳಿತೆ. ಆ ದಿನದ ಕಟ್ಟಿಗೆ ತೀರ ಒಣಗಿದ್ದಾಗಿತ್ತು, ಮೇಲಿಂದ ಗಾಳಿಯೂ ಇತ್ತು. ಕಾವು ಒಂದೇ ಸಮನೆ ಏರಿತು. ಗಂಟೆ ಬಾರಿಸಬೇಕಾದ ಒಂಬತ್ತನೆಯ ಹಂತವನ್ನು, ನನ್ನ ಪ್ರೋಗ್ರಾಮ್ ಎರಡು ಸಲ ಕಾವು ಅಳೆಯುವ ನಡುವಿನ ಅಂತರದಲ್ಲೇ ದಾಟಿ ಹತ್ತಕ್ಕೆ ಹೋಯಿತು. ಖಾಲಿ ಮನೆಯಲ್ಲಿ ಠಿಕಾಣಿಯೇ ಇರಲಿಲ್ಲ. ಕಂಪ್ಯೂಟರ್ ಎಲ್ಲಿಗೂ ಹೋಗಲಾರದೆ ಅಲ್ಲೇ ನಿಂತುಬಿಟ್ಟಿತು. ಗಂಟೆ ಬಾರಿಸಲಿಲ್ಲ. ಊಟ ಮುಗಿಸಿ ಬಂದ ಭರಮಣ್ಣನವರು ಪರದೆ ನೋಡಿದರೆ ಅಲ್ಲಿ ಹಿಂದಿನ ಸಲದ ಹದವಾದ ಅಂಕಿಯೇ ನಿಂತಿದೆ! ನನ್ನ ಮಾತು ನಂಬಿ ಕಿಂಡಿಯಲ್ಲಿ ಇಣುಕುವುದನ್ನು ತಡಮಾಡಿದರು. ಇಣುಕಿದಾಗ ಒಳಗೆಲ್ಲ ಬಿಳಿ. ಇಡೀ ಭಟ್ಟಿಯ ಹಂಚು ಬಾಗಿ, ಕರಗಿ, ಒಂದಕ್ಕೊಂದು ಅಂಟಿಕೊಂಡಿತ್ತು.

ನಾಗಲಿಂಗಪ್ಪನವರು ಯಂತ್ರದ ಮೇಲೆ ಸಂಶಯಪಡಲಿಲ್ಲ. ಎರಡು ವಾರ ಸರಿಯಾಗಿ ನಡೆದ ಯಂತ್ರ ತಪ್ಪುವುದುಂಟೇ? ಯಂತ್ರ ಗಂಟೆ ಬಾರಿಸಿದಾಗ ಭರಮಣ್ಣ ಮರದಡಿ ಮಲಗಿದ್ದಿರಬೇಕೆಂದೇ ಅವರು ತಿಳಿದರು. "ಸೋಮವಾರ ನಿನ್ನ ವಿಚಾರ ಮಾಡೂಣು. ಅಲ್ಲೀತನಾ ಭಟ್ಟಿ ಕಡೆ ಹಾಯಬ್ಯಾಡ" ಎಂದರು. ಭರಮಣ್ಣನವರು, ಯಂತ್ರ ಗಂಟೆಯನ್ನೇ ಬಾರಿಸಲಿಲ್ಲವೆಂದು ಒಂದು ಸಲ ಹೇಳಿ, ನನ್ನ ಕಡೆ ನೋಡಿದರು. ಹತ್ತನೆಯ ಖಾಲಿ ಮನೆ ನನಗೆ ಆಗಲೇ ಹೊಳೆದಿತ್ತು, ಆದರೂ ನಾನು ನೆಲ ನೋಡಿದೆ. ಮುಂದಿನ ವಾರವೇ ನನ್ನ ಮೌಖಿಕ ಪರೀಕ್ಷೆ ಇತ್ತು.

ಮರುದಿನ ಶುಕ್ರವಾರ ಸರ್ ಹತ್ತಿರ ಹೋಗಿ, ಹತ್ತನೆಯ ಮನೆಯ ಸಂಗತಿಯನ್ನೂ ನಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನೂ ಅಳುತ್ತ ಹೇಳಿದೆ. ಅವರು ಬೈಯುತ್ತಾರೆ, ಇಲ್ಲವೇ ತಾವೇ ಫೋನು ಮಾಡಿ ಎಲ್ಲ ಸರಿಪಡಿಸುತ್ತಾರೆ ಎಂದು ನನ್ನ ಎಣಿಕೆ. ಎರಡನ್ನೂ ಮಾಡಲಿಲ್ಲ. ನನ್ನ ಕಾಗದವನ್ನು ತರಿಸಿಕೊಂಡು, ತಮ್ಮ ಹಸಿರು ಸಹಿಯನ್ನು ಬಹಳ ಹೊತ್ತು ನೋಡಿದರು.

"ಖಾಲಿ ಬಿಡ್ರಿ ಅಂತ ಕಲಿಸಿದಾಂವ ನಾನವಾ. ನನ್ನ ಪಾಲಿನ ತಪ್ಪ ನಾ ಹೇಳ್ತೀನಿ. ನಿಂದು ನೀ ಹೇಳಬೇಕು. ಸೋಮವಾರ ಎಂಟಕ್ಕ ಖಾನಾಪುರದ ಬಸ್ಸಿನ ಕಡೆ ಇರ್ತೀನಿ. ಬರೂದು ಬಿಡೂದು ನಿನಗ ಬಿಟ್ಟದ್ದು" ಎಂದರು. ಇಷ್ಟು ಹೇಳಿ ತರಗತಿಗೆ ಹೊರಟೇಹೋದರು. ನನ್ನ ಹಳೆಯ ಸಿಟ್ಟು ಹುಟ್ಟಿದ್ದು ಅಲ್ಲಿ. ಒಬ್ಬ ಬಡವನ ಕೆಲಸ ತೂಗಾಡುತ್ತಿರುವಾಗ, ಅದನ್ನು ಇಪ್ಪತ್ತು ವರ್ಷದ ಹೆದರುಪುಕ್ಕಲಿಯ ಧೈರ್ಯಕ್ಕೆ ಬಿಟ್ಟು ಹೋಗುವುದು ಎಂಥ ಗುರುತನ ಎಂದು ಆ ಎರಡು ದಿನ ಅವರನ್ನು ಮನಸ್ಸಿನಲ್ಲಿ ಬೈದೆ.

ಸೋಮವಾರ ಹೋದೆ. ಹೋಗದಿರಲು ಹೊಟ್ಟೆನೋವಿನ ನೆಪವನ್ನು ಅತ್ತೆಗೆ ಹೇಳಿಯೂ ಆಗಿತ್ತು, ಆದರೆ ಭರಮಣ್ಣನವರು ನನ್ನ ಕಡೆ ನೋಡಿದ ನೋಟ ಮಲಗಗೊಡಲಿಲ್ಲ. ಕಾರ್ಖಾನೆಯ ಅಂಗಳದಲ್ಲಿ, ನಾಗಲಿಂಗಪ್ಪನವರು, ಭರಮಣ್ಣನವರು ಮತ್ತು ಕೆಲಸದ ಹತ್ತಾರು ಜನರೆದುರು ನಿಂತು, ಯಂತ್ರ ಗಂಟೆ ಬಾರಿಸಲಿಲ್ಲ, ತಪ್ಪು ನನ್ನದು, ಕಾಕಾನನ್ನು ಎಬ್ಬಿಸಿ ಕಳಿಸಿದವಳೂ ನಾನೇ ಎಂದು ಹೇಳಿದೆ. ಅವರಲ್ಲಿ ಅರ್ಧ ಜನ ಮರಾಠಿಯವರು. ನಾಗಲಿಂಗಪ್ಪನವರು ಮತ್ತೊಮ್ಮೆ ಮರಾಠಿಯಲ್ಲಿ ಹೇಳಿಸಿದರು. ಎರಡು ಭಾಷೆಯಲ್ಲಿ ತಪ್ಪೊಪ್ಪಿಕೊಂಡ ವಿದ್ಯಾರ್ಥಿನಿ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ನಾನೊಬ್ಬಳೇ ಇರಬೇಕು. ಆಮೇಲೆ ಸರ್ ಮುಂದೆ ಬಂದು, ಸಹಿ ಮಾಡಿದವನು ತಾನು, ಹಾಗೆ ಕಲಿಸಿದವನೂ ತಾನೇ ಎಂದು, ಭರಮಣ್ಣನವರಿಗೆ ಕೈ ಮುಗಿದರು.

ಅಲ್ಲಿಗೇ ಬಿಡಲಿಲ್ಲ. ಭಟ್ಟಿಯ ಬಳಿ ಒಂದು ಮಣೆ ಹಾಕಿಸಿ, "ಕುಂದರ್ರಿ ಭರಮಣ್ಣಾರ. ಯಂತ್ರಕ್ಕ ತಿಳೀಲಾರದ್ದು ಬಂತಂದ್ರ ಅದು ಏನ ಮಾಡಬೇಕ್ರಿ? ನೀವ ಹೇಳ್ರಿ" ಎಂದು ಕೇಳಿದರು.

ಭರಮಣ್ಣನವರಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. "ತಿಳೀಲಿಲ್ಲಂದ್ರ ಒದರಬೇಕ್ರಿ ಸರ. ಸುಮ್ಮ ಕುಂದ್ರಬಾರದು."

ಅಲ್ಲೇ ಕುಳಿತು ಆ ಫಂಕ್ಷನ್ ಬರೆದೆ. ಕಾವು ಎಷ್ಟೇ ಇರಲಿ, ಅಂಕಿ ಎಂಥದೇ ಬರಲಿ, ತನಗೆ ತಿಳಿಯದ್ದೆಂದರೆ ಗಂಟೆ ಬಾರಿಸುತ್ತಲೇ ಇರುವುದು ಅದರ ಕೆಲಸ. ಹೆಸರೇನಿಡಲಿ ಎಂದು ಕೇಳಿದ್ದಕ್ಕೆ ಸರ್, "ಹೇಳಿದವರ ಹೆಸರ ಇಡು" ಎಂದರು. ಮೊದಲು ಕೋಷ್ಟಕದ ಎಲ್ಲ ಮನೆಗಳಿಗೂ ಭರಮಣ್ಣನನ್ನು ತುಂಬಿ, ಆಮೇಲೆ ಗೊತ್ತಿರುವ ಹಂತಗಳಿಗೆ ಗೊತ್ತಿರುವ ಫಂಕ್ಷನ್ನುಗಳನ್ನು ಇಡುವುದು ಎಂಬ ಕ್ರಮ ಅಂದು ಶುರುವಾಯಿತು. ಮರುದಿನ ಸರ್ ತರಗತಿಗೆ ಬಂದು, ಖಾಲಿ ಬಿಡಿ ಎಂದು ತಾವು ಹೇಳಿದ್ದ ಸಾಲನ್ನು ಎಲ್ಲರ ವಹಿಯಲ್ಲೂ ಎದುರಿಗೇ ನಿಂತು ಹೊಡೆದುಹಾಕಿಸಿದರು, ಕಾರಣವನ್ನೂ ಹೇಳಿದರು. ನಮ್ಮ ವಿಭಾಗದಲ್ಲಿ ಇಂದಿಗೂ ಫಂಕ್ಷನ್ ಪಾಯಿಂಟರುಗಳ ಕೋಷ್ಟಕ ಮಾಡಿದವರು ಮೊದಲು ಭರಮಣ್ಣನನ್ನು ತುಂಬುತ್ತಾರೆ. ಹೊಸ ಹುಡುಗರು ಅದು ಯಾವುದೋ ತಾಂತ್ರಿಕ ಪದವೆಂದೇ ತಿಳಿದಿದ್ದಾರೆ; ಹೋದ ವರ್ಷ ಒಬ್ಬಾತ ಅದನ್ನು ಉತ್ತರಪತ್ರಿಕೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದ.

ಮೌಖಿಕ ಪರೀಕ್ಷೆಯಲ್ಲಿ ಸರ್ ತಾವೇ ಹೊರಗಿನ ಪರೀಕ್ಷಕರಿಗೆ ಎಲ್ಲವನ್ನೂ ವಿವರಿಸಿದರು. ನನಗೆ ಪ್ರಥಮ ದರ್ಜೆ ಹೋಗಿ ದ್ವಿತೀಯ ದರ್ಜೆ ಬಂತು. ಮೂರು ವರ್ಷ ಓದಿ ಪದವಿ ಪಡೆದ ಮೇಲೆ, ಇದೇ ವಿಭಾಗದ ಉಪನ್ಯಾಸಕ ಹುದ್ದೆಯ ಸಂದರ್ಶನದಲ್ಲಿ, ಡಿಪ್ಲೊಮಾದಲ್ಲಿ ದ್ವಿತೀಯ ದರ್ಜೆ ಯಾಕೆಂದು ಸಮಿತಿಯವರು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಸರ್, "ಆಕಿ ತಪ್ಪ ಒಪ್ಪಿಕೊಂಡಾಳ್ರಿ, ಅದಕ್ಕ" ಎಂದರು. ಅವರು ಹೊಗಳಿದ ಎರಡನೆಯ ಸಲ ಅದು. ಅಂದಿನಿಂದ, ಸೋಮವಾರ ಆ ಬಸ್ಸು ಹತ್ತಿ ಭರಮಣ್ಣನವರ ಅನ್ನ ಉಳಿಸಿದವಳು ನಾನು ಎಂದು ಒಳಗೊಳಗೇ ಬೀಗುತ್ತ ಬಂದೆ. ನಿಜ ಹೇಳಬೇಕೆಂದರೆ, ಈ ಲೇಖನವನ್ನೂ ಆ ಹೆಮ್ಮೆಯಿಂದಲೇ ಒಪ್ಪಿಕೊಂಡಿದ್ದೆ.

ಬರೆಯುವ ಮೊದಲು ಭರಮಣ್ಣನವರ ಎರಡು ಮಾತು ಸೇರಿಸೋಣವೆಂದು ಕಳೆದ ಮಾರ್ಚಿನಲ್ಲಿ ಖಾನಾಪುರಕ್ಕೆ ಹೋದೆ. ಅವರೀಗಲೂ ಅದೇ ಭಟ್ಟಿಯ ಮುಂದೆ ಇದ್ದಾರೆ. ಆ ಸೋಮವಾರ ನಾನು ಬರದೇ ಹೋಗಿದ್ದರೆ ಏನಾಗುತ್ತಿತ್ತು ಕಾಕಾ ಎಂದು, ಹೊಗಳಿಸಿಕೊಳ್ಳುವ ಆಸೆಯಿಂದಲೇ ಕೇಳಿದೆ.

"ಏನೂ ಆಗ್ತಿರಲಿಲ್ಲ ತಂಗಿ" ಎಂದರು ಅವರು. "ಶನಿವಾರನ ನಿಮ್ಮ ಸರ ಒಬ್ಬರ ಬಂದಿದ್ರಲ್ಲ. ಭರಮಣ್ಣಂದು ತಪ್ಪಿಲ್ಲ, ಯಂತ್ರ ಗಂಟಿ ಬಾರಿಸಿಲ್ಲ, ತಪ್ಪ ನಮ್ಮ ಸಾಲೀದು ಅಂತ ಮಾಲಕರಿಗೆ ಬರದ ಕೊಟ್ಟ ಹೋದ್ರು. ಮಧ್ಯಾಹ್ನನ ನನ್ನ ಕರಸಿ ಕೆಲಸಕ್ಕ ಹಚ್ಚಿದ್ರು. ಸೋಮವಾರ ಹುಡಿಗಿ ಬಂದ್ರ ಬರಬಹುದು, ಬಂದ್ರ ಪೂರಾ ಕೇಳ್ರಿ, ನಡುವ ಬಾಯಿ ಹಾಕಬ್ಯಾಡ್ರಿ ಅಂದಿದ್ರು. ಖರೇ ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಖಾನಾಪುರದಿಂದ ನೇರ ಶಿವಬಸವ ನಗರಕ್ಕೆ ಬಂದೆ. ಹೊಸ ಸಿಟ್ಟೆಂದೆನಲ್ಲ, ಅದು ಇದೇ. ಚಪ್ಪಲಿ ಬಿಡುತ್ತಲೇ, ಆರು ವರ್ಷ ಯಾಕೆ ಹೇಳಲಿಲ್ಲ, ನನ್ನ ಮೇಲೆ ನಿಮಗೆ ಅಷ್ಟೂ ನಂಬಿಕೆ ಇರಲಿಲ್ಲವೇ ಎಂದು ಜಗಳಕ್ಕೇ ನಿಂತೆ. ಸರ್ ತಾವು ಕನ್ನಡದಲ್ಲಿ ಬರೆಯುತ್ತಿರುವ ಸಿ ಪುಸ್ತಕದ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ತೆಗೆದರು.

"ನೀ ಬರ್ತಿ ಅಂತ ನನಗ ಅನಸಿತ್ತವಾ. ಆದ್ರ ನನಗ ಅನಸಿದ್ದರ ಮ್ಯಾಲೆ ಇನ್ನೊಬ್ಬರ ಅನ್ನ ಇಡಾಕ ಬರೂದಿಲ್ಲ."

ಕಾಶವ್ವನವರು ಚಹಾ ತಂದಿಟ್ಟರು, ಕುಡಿದು ಬಂದೆ. ಈಗ ನನ್ನ ಕೈಯಲ್ಲೂ ಸಹಿ ಮಾಡುವ ಪೆನ್ನಿದೆ, ನನ್ನ ಮುಂದೆಯೂ ಇಪ್ಪತ್ತರ ಹರೆಯದವರು ಅಳುತ್ತ ಬಂದು ನಿಲ್ಲುತ್ತಾರೆ. ಅವರನ್ನು ನಂಬುವುದನ್ನು ನಾನು ಕಲಿತಿದ್ದೇನೆ. ನನ್ನ ನಂಬಿಕೆ ತಪ್ಪಿದರೆ ಪೆಟ್ಟು ಯಾರಿಗೆ ಬೀಳುತ್ತದೆಂದು ಅವರಿಗಿಂತ ಮೊದಲೇ ಹೋಗಿ ನೋಡಿ ಬರುವುದನ್ನು ಇನ್ನು ಕಲಿಯಬೇಕು. ಪೂಜ್ಯ ಸರ್, ತಮ್ಮ ಪುಸ್ತಕ ಬೇಗ ಮುಗಿಯಲಿ, ತಮಗೂ ಕಾಶವ್ವನವರಿಗೂ ನೂರು ತುಂಬುವವರೆಗೆ ಕೈಕಾಲು ಕಣ್ಣು ಗಟ್ಟಿಯಾಗಿರಲಿ, ಶಿವಬಸವ ನಗರದ ಬಾಗಿಲು ಹಾಗೆಯೇ ತೆರೆದಿರಲಿ. ಆ ಸೋಮವಾರ ನಾನು ಬಂದೆ ಎಂಬುದು ನನಗಿಂದಿಗೂ ಸಂತೋಷವೇ. ಬರದಿದ್ದರೂ ಭರಮಣ್ಣ ಕಾಕಾ ಅಂದು ಮಧ್ಯಾಹ್ನ ತಮ್ಮ ಬುತ್ತಿಯನ್ನು ಭಟ್ಟಿಯ ಬಳಿಯೇ ಬಿಚ್ಚುತ್ತಿದ್ದರು ಎಂಬುದು ಅದಕ್ಕಿಂತ ದೊಡ್ಡ ಸಂತೋಷ, ಮತ್ತು ಅದರಲ್ಲಿ ನನ್ನ ಪಾಲು ಏನೇನೂ ಇಲ್ಲ.